ಮೊದಲು ಮುಖ ಓದಬೇಕು, ಆಮೇಲೆ ಸ್ಕ್ಯಾನ್

ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ತುಟಿಯ ಒಂದೇ ಮೂಲೆಯಿಂದ ಸೋರಿ ಗಲ್ಲಕ್ಕೆ ಇಳಿಯುತ್ತದೆ. ಏನಿದು ಎಂದು ಕನ್ನಡಿ ನೋಡಿದರೆ ಮುಖದ ಅರ್ಧ ಭಾಗ ಮಾತು ಕೇಳುತ್ತಿಲ್ಲ. ಒಂದು ಕಣ್ಣು ಮುಚ್ಚುವುದಿಲ್ಲ. ನಗಲು ಹೋದರೆ ಬಾಯಿ ವಾರೆಯಾಗುತ್ತದೆ. ಮನೆಯಲ್ಲಿ ಗಾಬರಿ ಹಬ್ಬುತ್ತದೆ. ‘ರಾತ್ರಿ ಬಸ್ಸಿನ ಕಿಟಕಿ ಪಕ್ಕ ಕೂತಿದ್ದೆಯಲ್ಲ, ಗಾಳಿ ಹೊಡೆದಿದೆ’ ಎನ್ನುತ್ತಾರೆ ಅಜ್ಜಿ. ‘ಲಕ್ವ ಇರಬೇಕು’ ಎನ್ನುತ್ತಾರೆ ಪಕ್ಕದ ಮನೆಯವರು. ‘ತಡ ಮಾಡಬೇಡಿ, ಮೊದಲು ತಲೆ ಸ್ಕ್ಯಾನ್ ಮಾಡಿಸಿ’ ಎಂದು ಫೋನಿನಲ್ಲಿ ಸೋದರಮಾವ ಹೇಳುತ್ತಾರೆ.

ತಡ ಮಾಡಬಾರದು ಎಂಬ ಮಾತು ನಿಜ. ಆದರೆ ಇಂಥ ಹೊತ್ತಿನಲ್ಲಿ ಮೊದಲು ಬೇಕಾಗಿರುವುದು ಯಂತ್ರವಲ್ಲ, ಮುಖವನ್ನು ಎರಡು ನಿಮಿಷ ಗಮನವಿಟ್ಟು ನೋಡುವ ಒಬ್ಬ ವೈದ್ಯರು. ಹುಬ್ಬು ಮೇಲೆತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ಕೆನ್ನೆ ಉಬ್ಬಿಸಿ, ಹಲ್ಲು ತೋರಿಸಿ ಎಂದು ಅವರು ಹೇಳಿ ಮಾಡಿಸುವ ನಾಲ್ಕು ಕೆಲಸಗಳೇ ಸ್ಕ್ಯಾನ್ ಬೇಕೋ ಬೇಡವೋ, ಬೇಕಾದರೆ ಯಾವುದು, ಯಾವ ಜಾಗದ್ದು ಎಂಬುದನ್ನು ತೀರ್ಮಾನಿಸುತ್ತವೆ. ಮುಖದ ನರಗಳ ಕಾಯಿಲೆಯಲ್ಲಿ ಸ್ಕ್ಯಾನ್ ಎಂಬುದು ಉತ್ತರ. ಪ್ರಶ್ನೆಯನ್ನು ರೋಗಿಯ ಮುಖದಿಂದಲೇ ಕಲಿಯಬೇಕು.

ಒಂದು ಮುಖ, ಎರಡು ನರ

ಮಿದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೋಡಿ. ಅವುಗಳಲ್ಲಿ ಮುಖವನ್ನು ಮುಖ್ಯವಾಗಿ ಹಂಚಿಕೊಂಡಿರುವವು ಐದನೆಯದು ಮತ್ತು ಏಳನೆಯದು. ಐದನೆಯದರ ಹೆಸರು ಟ್ರೈಜೆಮಿನಲ್ ನರ. ಮೂರು ಕವಲಾಗಿ ಹಣೆ, ಕೆನ್ನೆ, ಗಲ್ಲಕ್ಕೆ ಹರಡುವ ಇದು ಮುಖದ ಸ್ಪರ್ಶ, ಬಿಸಿ, ತಂಪು, ನೋವುಗಳ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ. ಹಲ್ಲುನೋವು ಗೊತ್ತಾಗುವುದೂ ಇದರಿಂದಲೇ. ಜೊತೆಗೆ, ಅಗಿಯುವ ಸ್ನಾಯುಗಳನ್ನೂ ಇದೇ ನಡೆಸುತ್ತದೆ. ಏಳನೆಯದು ಫೇಶಿಯಲ್ ನರ. ನಗು, ಸಿಡುಕು, ಹುಬ್ಬುಗಂಟು, ಕಣ್ಣು ಮಿಟುಕಿಸುವುದು ಎಲ್ಲವೂ ಇದರ ಕೆಲಸ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿ ಮತ್ತು ಕಣ್ಣೀರು, ಜೊಲ್ಲುಗಳ ಒಂದು ಪಾಲೂ ಇದರ ಸುಪರ್ದಿಯಲ್ಲಿದೆ. ಕಿವಿಯೊಳಗಿನ ಒಂದು ಪುಟ್ಟ ಸ್ನಾಯುವಿಗೂ ಇದರದ್ದೇ ಒಂದು ಎಳೆ ಹೋಗುತ್ತದೆ. ದೊಡ್ಡ ಸದ್ದು ಬಂದಾಗ ಅದನ್ನು ತಗ್ಗಿಸುವುದು ಆ ಸ್ನಾಯು. ಅದಕ್ಕೇ ಈ ನರ ಸೋತವರಿಗೆ ಕುಕ್ಕರಿನ ವಿಷಲ್ ಕೂಡ ಕಿವಿ ಸೀಳಿದ ಹಾಗೆ ಕೇಳಿಸಬಹುದು.

ಮರಗಟ್ಟಿದೆ ಎಂದರೆ ಐದನೆಯದನ್ನು ಹುಡುಕಬೇಕು, ಅಲುಗಾಡುತ್ತಿಲ್ಲ ಎಂದರೆ ಏಳನೆಯದನ್ನು. ಇವತ್ತು ಸರಳವಾಗಿ ಕಾಣುವ ಈ ವಿಂಗಡಣೆಗೆ ಇನ್ನೂರು ವರ್ಷದ ಇತಿಹಾಸವಿದೆ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮುಖದ ಈ ಎರಡು ನರಗಳ ಕೆಲಸ ಬೇರೆ ಬೇರೆ ಎಂದು ಪ್ರಬಂಧ ಮಂಡಿಸಿದರು. ಅವರ ಕೆಲವು ತೀರ್ಮಾನಗಳನ್ನು ಫ್ರಾನ್ಸಿನ ಮಜಾಂಡಿ ಮತ್ತು ಲಂಡನ್ನಿನ ಹರ್ಬರ್ಟ್ ಮೇಯೊ ಮುಂದೆ ತಿದ್ದಿದರು. ಬೆಲ್ ಒಳ್ಳೆಯ ಚಿತ್ರಕಾರರೂ ಆಗಿದ್ದರು. ಚಿತ್ರಕಲೆಯಲ್ಲಿ ಮುಖಭಾವ ಮೂಡಿಸಲು ಬೇಕಾದ ಅಂಗರಚನೆಯ ಬಗ್ಗೆ 1806ರಲ್ಲೇ ಪುಸ್ತಕ ಬರೆದಿದ್ದರು. 1815ರ ವಾಟರ್ಲೂ ಯುದ್ಧದ ಗಾಯಾಳುಗಳನ್ನು ಕಣ್ಣಾರೆ ಕಂಡು ಬಿಡಿಸಿದ್ದರು. ಎಕ್ಸ್‌ರೇ ಕೂಡ ಇಲ್ಲದ ಆ ಕಾಲದಲ್ಲಿ ಕಾಯಿಲೆಯ ಮುಖದ ಚಿತ್ರವೆಂದರೆ ಇಂಥವರು ಕೈಯಲ್ಲಿ ಬಿಡಿಸಿದ್ದೇ. ಏಕಾಏಕಿ ಅರ್ಧ ಮುಖ ಸೋಲುವ ಕಾಯಿಲೆಗೆ ಇಂದಿಗೂ ಅವರ ಹೆಸರೇ ಉಳಿದಿದೆ: ಬೆಲ್ಸ್ ಪಾಲ್ಸಿ. ನಮ್ಮ ಆಯುರ್ವೇದ ಇದೇ ಬಗೆಯ ಲಕ್ಷಣಗಳನ್ನು ಅರ್ದಿತ ಎಂದು ಕರೆದಿದೆ.

ಹಣೆ ಹೇಳುವ ಸಾಕ್ಷಿ

ಬಾಯಿ ಸೊಟ್ಟಗಾದ ಪ್ರತಿಯೊಬ್ಬರಿಗೂ ಆಗಿರುವುದು ಪಾರ್ಶ್ವವಾಯು ಅಲ್ಲ. ಇದನ್ನು ಬೇರ್ಪಡಿಸಲು ವೈದ್ಯರು ಹಣೆ ನೋಡುತ್ತಾರೆ. ಮುಖದ ಮೇಲ್ಭಾಗದ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುತ್ತದೆ, ಕೆಳಭಾಗಕ್ಕೆ ಹೆಚ್ಚಾಗಿ ಎದುರು ಬದಿಯಿಂದ ಮಾತ್ರ. ಹಾಗಾಗಿ ಮಿದುಳಿನ ಒಂದು ಪಕ್ಕಕ್ಕೆ ಸ್ಟ್ರೋಕ್ ಹೊಡೆದರೆ ಬಾಯಿ ವಾರೆಯಾದರೂ ಹಣೆಯ ನೆರಿಗೆ ಸಾಮಾನ್ಯವಾಗಿ ಉಳಿದಿರುತ್ತದೆ. ಏಳನೆಯ ನರವೇ ಕೆಟ್ಟರೆ ಹಣೆ, ಕಣ್ಣು, ಬಾಯಿ ಮೂರೂ ಒಟ್ಟಿಗೆ ಸೋಲುತ್ತವೆ.

ಹಣೆ ಸರಿಯಿದ್ದು ಬಾಯಿ ವಾರೆಯಾಗಿದ್ದರೆ, ಅಥವಾ ಮುಖದ ಜೊತೆಗೆ ಕೈಕಾಲು ಸೋತಿದ್ದರೆ, ಮಾತು ತೊದಲಿದರೆ, ನಡಿಗೆ ತಪ್ಪಿದರೆ, ಒಂದು ವಸ್ತು ಎರಡಾಗಿ ಕಂಡರೆ ಗಡಿಯಾರ ನೋಡಬೇಕು. ಅದು ಸ್ಟ್ರೋಕ್ ಆಗಿದ್ದು, ರಕ್ತನಾಳ ಕಟ್ಟಿಕೊಂಡದ್ದಾದರೆ ಹೆಪ್ಪು ಕರಗಿಸುವ ಔಷಧಿಗೆ ಇರುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಅಲ್ಲಿ ಸಿ.ಟಿ. ಸ್ಕ್ಯಾನ್ ಕೂಡಲೇ ಆಗಬೇಕು. ಮಿದುಳಿನಲ್ಲಿ ರಕ್ತಸ್ರಾವ ಇದೆಯೇ ಇಲ್ಲವೇ ಎಂಬುದನ್ನು ಅದು ಕೆಲವೇ ನಿಮಿಷಗಳಲ್ಲಿ ಹೇಳುತ್ತದೆ.

ಹಣೆಯೂ ಸೋತಿದ್ದು, ಎರಡು ಮೂರು ದಿನಗಳೊಳಗೆ ಶುರುವಾಗಿದ್ದು, ಬೇರಾವ ಲಕ್ಷಣವೂ ಇಲ್ಲದಿದ್ದರೆ ಬಹುಮಟ್ಟಿಗೆ ಅದು ಬೆಲ್ಸ್ ಪಾಲ್ಸಿ. ಆಗ ಸ್ಕ್ಯಾನಿನ ಅವಸರವಿಲ್ಲ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2013ರಲ್ಲಿ ಹೊರಡಿಸಿದ ಮಾರ್ಗಸೂಚಿ, ಹೊಸದಾಗಿ ಬಂದ ಬೆಲ್ಸ್ ಪಾಲ್ಸಿಗೆ ಎಲ್ಲರಿಗೂ ಸ್ಕ್ಯಾನ್ ಮಾಡಿಸಬಾರದು ಎಂದೇ ಹೇಳುತ್ತದೆ. ಇಲ್ಲಿ ಅವಸರ ಬೇಕಿರುವುದು ಎರಡಕ್ಕೆ. ಒಂದು, ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಸಕ್ಕರೆ ಕಾಯಿಲೆ ಇರುವವರು ಅದನ್ನು ಮೊದಲೇ ಹೇಳಬೇಕು, ಏಕೆಂದರೆ ಈ ಮಾತ್ರೆ ಸಕ್ಕರೆ ಏರಿಸುತ್ತದೆ. ಇನ್ನೊಂದು ಕಣ್ಣು. ಮುಚ್ಚದ ಕಣ್ಣು ಒಣಗಿ, ಧೂಳು ತಾಗಿ ಹುಣ್ಣಾಗದಂತೆ ಹಗಲಿಗೆ ಕಣ್ಣಿನ ಹನಿ, ರಾತ್ರಿಗೆ ಮುಲಾಮು ಮತ್ತು ಟೇಪು ಬೇಕು. ಬೆಲ್ಸ್ ಪಾಲ್ಸಿ ಆದವರಲ್ಲಿ ಹೆಚ್ಚಿನವರು ವಾರಗಳಿಂದ ತಿಂಗಳುಗಳೊಳಗೆ ಚೇತರಿಸಿಕೊಳ್ಳುತ್ತಾರೆ.

ಎಲುಬಿನ ಸುರಂಗದಲ್ಲಿ

ಹಾಗಾದರೆ ಎಂಆರ್‌ಐ ಯಾವಾಗ? ಅದನ್ನು ತಿಳಿಯಲು ಏಳನೆಯ ನರದ ದಾರಿ ಹಿಡಿದು ನಡೆಯಬೇಕು.

ಮಿದುಳಿನ ಕಾಂಡದಿಂದ ಹೊರಟ ನರ ಮೊದಲು ಮಿದುಳನ್ನು ಸುತ್ತುವರಿದ ನೀರಿನಂಥ ದ್ರವದಲ್ಲಿ ಈಸುತ್ತದೆ. ಆಮೇಲೆ ಕಿವಿಯನ್ನು ಹೊತ್ತ ಟೆಂಪೊರಲ್ ಎಲುಬಿನೊಳಗೆ ನುಗ್ಗುತ್ತದೆ. ಅಲ್ಲಿ ಸುಮಾರು 3 ಸೆಂಟಿಮೀಟರ್ ಉದ್ದದ, ತಿರುವು ಮುರುವಾದ ಸುರಂಗವಿದೆ. ಅತ್ಯಂತ ಇಕ್ಕಟ್ಟಾದ ಜಾಗದಲ್ಲಿ ಅದರ ಅಗಲ ಒಂದು ಮಿಲಿಮೀಟರಿಗೂ ಕಡಿಮೆ. ಸುಮಾರು 10 ಸಾವಿರ ಎಳೆಗಳ ನರ ಆ ಸಂದಿಯಲ್ಲಿ ಹಾಯಬೇಕು. ವೈರಸ್ಸಿನಿಂದಲೋ ಬೇರೆ ಕಾರಣದಿಂದಲೋ ನರ ಊದಿಕೊಂಡರೆ ಅದಕ್ಕೆ ಹಿಗ್ಗಲು ಜಾಗವಿಲ್ಲ. ತನ್ನದೇ ಸುರಂಗದ ಗೋಡೆಗೆ ಒತ್ತಿಕೊಂಡು ಅದು ನಲುಗುತ್ತದೆ. ಬೆಲ್ಸ್ ಪಾಲ್ಸಿಯಲ್ಲಿ ನಡೆಯುವುದು ಇದೇ ಎಂದು ಬಹುಪಾಲು ತಜ್ಞರು ನಂಬುತ್ತಾರೆ. ಸುರಂಗ ದಾಟಿದ ನರ ಕಿವಿಯ ಕೆಳಗೆ ಹೊರಬಂದು, ಮಂಗನಬಾವು ಬಂದಾಗ ಊದುವ ಜೊಲ್ಲುಗ್ರಂಥಿಯ ಮೂಲಕ ಹಾಯ್ದು, ಬೆರಳು ಚಾಚಿದ ಹಾಗೆ ಮುಖವಿಡೀ ಹರಡುತ್ತದೆ.

ಈ ದಾರಿಯ ಎಲುಬನ್ನು ನೋಡಲು ಸಿ.ಟಿ. ಬೇಕು, ನರವನ್ನು ನೋಡಲು ಎಂಆರ್‌ಐ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆಯನ್ನು ಚಿತ್ರಿಸಿತು. ಇಂದಿನ ಸಿ.ಟಿ. ಯಂತ್ರಗಳು ಟೆಂಪೊರಲ್ ಎಲುಬನ್ನು ಮಿಲಿಮೀಟರಿಗಿಂತ ತೆಳುವಾದ ಹೋಳುಗಳಾಗಿ ತೋರಿಸುತ್ತವೆ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ಕಿವಿಯಿಂದ ರಕ್ತ ಸುರಿದು ಮುಖ ಸೋತವರಲ್ಲಿ ಬಿರುಕು ಸುರಂಗದ ಯಾವ ತಿರುವನ್ನು ಹಾಯ್ದಿದೆ ಎಂದು ಕಾಣುವುದು ಇದರಲ್ಲೇ. ವರ್ಷಗಟ್ಟಲೆ ಕಿವಿ ಸೋರಿ, ಒಳಗೆ ಬೆಳೆದ ಗಡ್ಡೆ ಎಲುಬನ್ನು ಸವೆಸಿದ್ದರೂ ಸಿ.ಟಿ.ಯೇ ಹೇಳುತ್ತದೆ.

ಎಂಆರ್‌ಐ ಕ್ಷ-ಕಿರಣ ಬಳಸುವುದಿಲ್ಲ. ಭಾರೀ ಆಯಸ್ಕಾಂತದೊಳಗೆ ನಮ್ಮ ಮೈಯ ನೀರಿನ ಹೈಡ್ರೋಜನ್ ಕಣಗಳು ಕೊಡುವ ಸಂಕೇತದಿಂದ ಚಿತ್ರ ಕಟ್ಟುತ್ತದೆ. ಈ ವಿದ್ಯೆಗಾಗಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ 2003ರ ನೊಬೆಲ್ ಪಡೆದರು. ನರ ಊದಿರುವುದನ್ನು ಅಥವಾ ನರಕ್ಕೆ ಗಡ್ಡೆ ಅಂಟಿರುವುದನ್ನು ಕಾಣಲು ಗ್ಯಾಡೋಲಿನಿಯಂ ಎಂಬ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚಿ ಮತ್ತೊಮ್ಮೆ ಚಿತ್ರ ತೆಗೆಯುತ್ತಾರೆ. ರೋಗ ತಾಗಿದ ಜಾಗ ಬೆಳ್ಳಗೆ ಬೆಳಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಸುರಂಗದ ಕೆಲವು ಭಾಗಗಳಲ್ಲಿ ನರದ ಸುತ್ತ ರಕ್ತನಾಳಗಳ ಬಲೆ ಇರುವುದರಿಂದ ಆರೋಗ್ಯವಂತರಲ್ಲೂ ಅಲ್ಲಿ ತುಸು ಬೆಳಕು ಕಾಣುತ್ತದೆ. ಅದಕ್ಕೇ ನುರಿತ ರೇಡಿಯಾಲಜಿಸ್ಟ್ ಎಡವನ್ನು ಬಲದ ಪಕ್ಕಕ್ಕೆ ಇಟ್ಟು ಓದುತ್ತಾರೆ. ಬೆಳಗಬಾರದ ಜಾಗ ಬೆಳಗಿದೆಯೇ, ಬೆಳಕು ನವಿರಾಗಿ ಹರಡಿದೆಯೇ, ಗಂಟಾಗಿ ನಿಂತಿದೆಯೇ ಎಂದು ನೋಡುತ್ತಾರೆ. ಗಂಟು ಕಂಡರೆ ಕಥೆ ಬೇರೆ.

ಹೀಗೆ ಹುಡುಕಬೇಕಾದ ಸಂದರ್ಭಗಳು ಸ್ಪಷ್ಟವಾಗಿವೆ. ಮುಖ ಏಕಾಏಕಿ ಸೋಲದೆ ವಾರಗಟ್ಟಲೆ ನಿಧಾನವಾಗಿ ಸೋಲುತ್ತ ಬಂದರೆ, ಮೂರು ತಿಂಗಳಾದರೂ ಚೂರೂ ಚೇತರಿಕೆ ಇಲ್ಲದಿದ್ದರೆ, ಅದೇ ಬದಿ ಮತ್ತೆ ಸೋತರೆ, ಬಾಯಿಯೋ ಕಣ್ಣೋ ಒಂದೇ ಭಾಗ ಸೋತರೆ, ಕಿವಿ ಕೇಳಿಸದಾದರೆ, ಕಿವಿಯ ಮುಂದೆ ಗಂಟು ಕೈಗೆ ಸಿಕ್ಕರೆ. ಇಂಥಲ್ಲಿ ‘ಗಾಳಿ ಹೊಡೆದಿದೆ, ಎಣ್ಣೆ ತಿಕ್ಕಿದರೆ ಹೋಗುತ್ತದೆ’ ಎಂದು ಕಾಯುವುದು ಅಪಾಯ. ಮಿದುಳಿನ ಕಾಂಡದಿಂದ ಜೊಲ್ಲುಗ್ರಂಥಿಯವರೆಗೆ ನರದ ಪೂರ್ತಿ ದಾರಿಯ ಎಂಆರ್‌ಐ ಆಗಬೇಕು. ತಲೆಯ ಸ್ಕ್ಯಾನ್ ಮಾತ್ರ ಮಾಡಿಸಿ ‘ನಾರ್ಮಲ್’ ಎಂದು ಬಂದರೆ ಕೆನ್ನೆಯ ಗಡ್ಡೆ ಚಿತ್ರದ ಚೌಕಟ್ಟಿನ ಆಚೆಗೇ ಉಳಿದುಬಿಡಬಹುದು.

ಮೂರು ಹಲ್ಲು ಕಳೆದುಕೊಂಡ ಮೇಲೆ

ಐದನೆಯ ನರದ ಮಾತಿಗೆ ಬಂದರೆ ನನಗೆ ನಮ್ಮ ಸೋದರತ್ತೆಯ ನೆನಪಾಗುತ್ತದೆ. ಅರವತ್ತರ ಹತ್ತಿರದ ವಯಸ್ಸಿನಲ್ಲಿ ಅವರಿಗೆ ಬಲ ದವಡೆಯಲ್ಲಿ ಕರೆಂಟ್ ಹೊಡೆದಂಥ ನೋವು ಶುರುವಾಯಿತು. ಕೆಲವೇ ಸೆಕೆಂಡು ಇದ್ದು ಮಾಯವಾಗುತ್ತಿತ್ತು, ಮತ್ತೆ ಬರುತ್ತಿತ್ತು. ಮುಖ ತೊಳೆದರೆ, ತುತ್ತು ಅಗಿದರೆ, ಫ್ಯಾನಿನ ಗಾಳಿ ಕೆನ್ನೆಗೆ ತಾಗಿದರೂ ಸಾಕು. ಹಲ್ಲಿನದೇ ನೋವೆಂದು ಒಂದು ಹಲ್ಲು ಕೀಳಿಸಿದರು. ನೋವು ಹೋಗಲಿಲ್ಲ. ಪಕ್ಕದ್ದನ್ನು ಕೀಳಿಸಿದರು. ಆಮೇಲೆ ಇನ್ನೊಂದನ್ನು. ಗಟ್ಟಿ ಹಲ್ಲು ಮೂರು ಹೋದ ಮೇಲೆ ಒಬ್ಬ ವೈದ್ಯರು, ‘ಅಮ್ಮಾ, ನೋವು ಎಷ್ಟು ಹೊತ್ತು ಇರುತ್ತೆ?’ ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ಕಾಯಿಲೆಯ ಹೆಸರು ತಿಳಿಯಿತು: ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಹೀಗೆ ನಿರಪರಾಧಿ ಹಲ್ಲುಗಳನ್ನು ಕಳೆದುಕೊಂಡವರು ಅವರೊಬ್ಬರೇ ಅಲ್ಲ. ಹಲ್ಲಿನ ಸುದ್ದಿಯನ್ನೂ ಇದೇ ನರ ಒಯ್ಯುವುದರಿಂದ ಈ ತಪ್ಪು ಲೋಕದ ಎಲ್ಲ ಕಡೆಯೂ ಆಗುತ್ತದೆ.

ಈ ನೋವಿನ ಮೂಲವನ್ನು ಹಿಡಿದವರು ಶಸ್ತ್ರವೈದ್ಯರು. ಅಮೆರಿಕದ ವಾಲ್ಟರ್ ಡ್ಯಾಂಡಿ, ನರದ ಬುಡಕ್ಕೆ ರಕ್ತನಾಳ ಒತ್ತಿಕೊಂಡಿರುವುದನ್ನು ಹಲವು ರೋಗಿಗಳಲ್ಲಿ ಕಂಡದ್ದಾಗಿ 1934ರಲ್ಲಿ ಬರೆದರು. 1960ರ ದಶಕದಲ್ಲಿ ಪೀಟರ್ ಜನೆಟ್ಟಾ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕದಡಿ ಅದೇ ಜಾಗವನ್ನು ನೋಡಿ, ರಕ್ತನಾಳವನ್ನು ನರದಿಂದ ಸರಿಸುವ ಶಸ್ತ್ರಚಿಕಿತ್ಸೆಯನ್ನು ರೂಪಿಸಿದರು. ಇಂದು ನರ ಮತ್ತು ನಾಳದ ನಡುವೆ ಟೆಫ್ಲಾನಿನ ಪುಟ್ಟ ಮೆತ್ತೆ ಇಡುತ್ತಾರೆ. ಮೆತ್ತೆ ಇಲ್ಲದಿದ್ದರೆ ಒತ್ತಿಕೊಂಡ ನಾಳ ಮಿಡಿದಾಗಲೆಲ್ಲ ಬುಡದಲ್ಲಿ ನರದ ಹೊದಿಕೆ ಸವೆಯುತ್ತದೆ. ಹೊದಿಕೆ ಕಳಚಿದ ವೈರಿನ ಹಾಗೆ ನರ ಕಿಡಿ ಹಾರಿಸುತ್ತದೆ.

ಅಂದು ತಲೆಬುರುಡೆ ತೆರೆದು ನೋಡಿದ್ದನ್ನು ಇಂದು ಎಂಆರ್‌ಐ ತೆರೆಯದೆಯೇ ತೋರಿಸುತ್ತದೆ. ಅದಕ್ಕೆಂದೇ ಒಂದು ಬಗೆಯ ಚಿತ್ರಣವಿದೆ. ಅದರಲ್ಲಿ ಮಿದುಳಿನ ಸುತ್ತಲಿನ ದ್ರವ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಆ ಬಿಳುಪಿನ ನಡುವೆ ನರ, ರಕ್ತನಾಳಗಳು ಕಪ್ಪು ದಾರಗಳಂತೆ ಹಾದುಹೋಗುತ್ತವೆ. ಯಾವ ದಾರ ಯಾವುದಕ್ಕೆ ತಾಗಿದೆ, ತಾಗಿದ್ದಷ್ಟೇ ಅಥವಾ ನರವನ್ನು ಬಾಗಿಸಿ ಸಣ್ಣಗೆ ಮಾಡಿದೆಯೇ ಎಂದು ನೋಡಬಹುದು. ಸಾಮಾನ್ಯ ತಲೆಯ ಎಂಆರ್‌ಐಯಲ್ಲಿ ಹೋಳುಗಳು ದಪ್ಪವಾಗಿರುವುದರಿಂದ ಇದು ತಪ್ಪಿಹೋಗಬಹುದು. ಹಾಗಾಗಿ ಸ್ಕ್ಯಾನಿಗೆ ಕಳುಹಿಸುವ ಚೀಟಿಯಲ್ಲಿ ‘ಮುಖನೋವು, ಐದನೆಯ ನರ ನೋಡಿ’ ಎಂಬ ಒಂದು ಸಾಲು ಇರುವುದು, ಇಲ್ಲದಿರುವುದು ಫಲಿತಾಂಶವನ್ನೇ ಬದಲಿಸುತ್ತದೆ.

ಆದರೂ ಚಿತ್ರವೇ ಕೊನೆಯ ಮಾತಲ್ಲ. ಯಾವ ನೋವೂ ಇಲ್ಲದವರಲ್ಲೂ ನಾಳ ನರಕ್ಕೆ ತಾಗಿರುವುದು ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುತ್ತದೆ. ಕಾಯಿಲೆಯನ್ನು ಗುರುತಿಸುವುದು ನೋವಿನ ಚರಿತ್ರೆ. ಎಂಆರ್‌ಐ ಮಾಡುವುದು ಎರಡು ಕೆಲಸ: ಗಡ್ಡೆ ಅಥವಾ ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಬೇರೆ ಕಾರಣ ಅಡಗಿಲ್ಲ ಎಂದು ಖಚಿತಪಡಿಸುವುದು, ಶಸ್ತ್ರಚಿಕಿತ್ಸೆ ಬೇಕಾದರೆ ವೈದ್ಯರಿಗೆ ನಕ್ಷೆ ಕೊಡುವುದು. ಬಹಳ ಮಂದಿಗೆ ಕಾರ್ಬಮಜೆಪಿನ್ ಎಂಬ ಮಾತ್ರೆಯಿಂದಲೇ ನೋವು ಹತೋಟಿಗೆ ಬರುತ್ತದೆ. ನಮ್ಮ ಅತ್ತೆಗೂ ಬಂತು. ಹೋದ ಹಲ್ಲು ಬರಲಿಲ್ಲ.

ಇದೇ ಒತ್ತಡ ಏಳನೆಯ ನರದ ಬುಡದಲ್ಲಿ ಆದರೆ ನೋವಿನ ಬದಲು ಸೆಳೆತ ಬರುತ್ತದೆ. ಕಣ್ಣು ಅದುರಿದರೆ ನಮ್ಮಲ್ಲಿ ಶಕುನ ನೋಡುತ್ತಾರೆ. ಆಗೊಮ್ಮೆ ಈಗೊಮ್ಮೆ ರೆಪ್ಪೆ ಅದುರುವುದು ನಿದ್ದೆಗೇಡಿನಿಂದ, ದಣಿವಿನಿಂದ ಆಗುವಂಥದ್ದು, ಭಯವಿಲ್ಲ. ಆದರೆ ಅದುರುವಿಕೆ ಕಣ್ಣಿನಿಂದ ಕೆನ್ನೆಗೆ, ಬಾಯಿಗೆ ಇಳಿದು ತಿಂಗಳುಗಟ್ಟಲೆ ಉಳಿದರೆ ಅದು ಅರ್ಧಮುಖದ ಸೆಳೆತ. ಅದಕ್ಕೆ ಬೊಟುಲಿನಮ್ ಚುಚ್ಚುಮದ್ದೂ ಇದೆ, ಮೆತ್ತೆಯಿಡುವ ಶಸ್ತ್ರಚಿಕಿತ್ಸೆಯೂ ಇದೆ.

ಮರಗಟ್ಟಿದ ಕೆನ್ನೆಯನ್ನು ಕಡೆಗಣಿಸಬಾರದು

ನೋವು ಜನರನ್ನು ಆಸ್ಪತ್ರೆಗೆ ಓಡಿಸುತ್ತದೆ. ಮರಗಟ್ಟುವಿಕೆ ಹಾಗಲ್ಲ, ‘ಜೋಮು ಹಿಡಿದಿದೆ, ಹೋಗುತ್ತೆ’ ಎಂದು ಸುಮ್ಮನಿರುತ್ತಾರೆ. ನನ್ನ ಆತಂಕ ಇರುವುದು ಇಲ್ಲೇ. ಕಾರಣವಿಲ್ಲದೆ ಕೆನ್ನೆ ಅಥವಾ ಗಲ್ಲ ಮರಗಟ್ಟಿ ಹಾಗೆಯೇ ಉಳಿದರೆ ಐದನೆಯ ನರದ ದಾರಿಯಲ್ಲಿ ಏನೋ ಕುಳಿತಿದೆ ಎಂದೇ ಅನುಮಾನಿಸಬೇಕು. ಬಾಯಿ, ಚರ್ಮ, ಜೊಲ್ಲುಗ್ರಂಥಿಯ ಕೆಲವು ಕ್ಯಾನ್ಸರುಗಳು ನರದ ಹೊದಿಕೆಯನ್ನೇ ಹಗ್ಗ ಮಾಡಿಕೊಂಡು ತಲೆಬುರುಡೆಯೊಳಕ್ಕೆ ಹತ್ತುತ್ತವೆ. ಎಂಆರ್‌ಐಯಲ್ಲಿ ನರ ದಪ್ಪಗಾಗಿ ಬೆಳಗುವುದು, ಅದು ಹಾಯುವ ಎಲುಬಿನ ತೂತು ಹಿಗ್ಗುವುದು ಇದರ ಗುರುತು.

2021ರ ಬೇಸಿಗೆಯನ್ನು ಕರ್ನಾಟಕ ಮರೆತಿರಲಾರದು. ಕೋವಿಡ್ ಎರಡನೇ ಅಲೆಯ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿಯಿತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಸ್ಟೀರಾಯ್ಡ್ ಹೆಚ್ಚು ತೆಗೆದುಕೊಂಡವರು ಅದಕ್ಕೆ ಸುಲಭದ ತುತ್ತಾದರು. ಮೂಗು ಕಟ್ಟುವುದು, ಕಣ್ಣು ಊದುವುದರ ಜೊತೆಗೆ ಕೆನ್ನೆ ಮರಗಟ್ಟುವುದೂ ಅದರ ಮೊದಲ ಎಚ್ಚರಿಕೆಗಳಲ್ಲಿ ಒಂದಾಗಿತ್ತು. ಶಿಲೀಂಧ್ರ ರಕ್ತನಾಳಗಳನ್ನು ಕಟ್ಟಿಹಾಕುವುದರಿಂದ ಸತ್ತ ಅಂಗಾಂಶಕ್ಕೆ ಗ್ಯಾಡೋಲಿನಿಯಂ ತಲುಪದೆ ಎಂಆರ್‌ಐಯಲ್ಲಿ ಅದು ಕಪ್ಪಾಗಿಯೇ ಉಳಿಯುತ್ತದೆ. ಎಲ್ಲಿಯವರೆಗೆ ಕತ್ತರಿಸಿ ತೆಗೆಯಬೇಕು, ಕಣ್ಣು ಉಳಿಸಬಹುದೇ ಎಂಬ ಕಠಿಣ ನಿರ್ಧಾರಕ್ಕೆ ಆ ಚಿತ್ರಗಳು ಆಧಾರವಾದವು.

ಎರಡೂ ನರಗಳನ್ನು ಒಟ್ಟಿಗೆ ಕೆಡಿಸಬಲ್ಲ ಇನ್ನೊಂದು ಕಾಯಿಲೆ ನಮ್ಮ ನಡುವೆಯೇ ಇದೆ: ಕುಷ್ಠ. ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದವು. ಮುಖದ ಮೇಲೆ ಕುಷ್ಠದ ಮಚ್ಚೆ ಇರುವವರಲ್ಲಿ ಏಳನೆಯ ನರದ ಕವಲು ಸೋತು ಕಣ್ಣು ಮುಚ್ಚದಾಗಬಹುದು. ಐದನೆಯದು ಸೋತು ಕಣ್ಣಿನ ಪಾಪೆಗೆ ಕಸ ಬಿದ್ದರೂ ಗೊತ್ತಾಗದಿರಬಹುದು. ಮುಚ್ಚದ, ನೋವೂ ಅರಿಯದ ಕಣ್ಣು ಕುರುಡಾಗಲು ಹೆಚ್ಚು ದಿನ ಬೇಡ. ಇಲ್ಲಿ ದುಬಾರಿ ಎಂಆರ್‌ಐಗಿಂತ ಚರ್ಮ ಮತ್ತು ಸ್ಪರ್ಶದ ಪರೀಕ್ಷೆಯೇ ದೊಡ್ಡದು. ಕುತ್ತಿಗೆ, ಮೊಣಕೈಗಳ ದಪ್ಪಗಾದ ನರಗಳನ್ನು ಅಳೆಯಲು ಹೆಚ್ಚು ಆವರ್ತನದ ಅಲ್ಟ್ರಾಸೌಂಡ್ ನೆರವಾಗುತ್ತದೆ. ಅದು ಅಗ್ಗ, ವಿಕಿರಣವಿಲ್ಲ, ಜಿಲ್ಲಾ ಮಟ್ಟಕ್ಕೂ ಒಯ್ಯಬಹುದು. ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಯಂತ್ರದೊಳಗೆ ಹೋಗುವ ಮೊದಲು

ವೈದ್ಯರು ಎಂಆರ್‌ಐ ಬರೆದುಕೊಟ್ಟರೆ ಹೆದರಬೇಕಿಲ್ಲ. ಸದ್ದು ಜೋರು, ಅರ್ಧ ಗಂಟೆಗೂ ಹೆಚ್ಚು ಹೊತ್ತು ಅಲುಗಾಡದೆ ಮಲಗಬೇಕು. ನುಂಗುವುದು, ಕೆಮ್ಮುವುದು ಕೂಡ ಇಷ್ಟು ಸಣ್ಣ ನರಗಳ ಚಿತ್ರವನ್ನು ಮಸುಕಾಗಿಸುತ್ತದೆ. ತಾಳಿ, ಮೂಗುತಿ, ಕಾಲುಂಗುರ ಬಿಚ್ಚಿಡಬೇಕು. ಬಿಚ್ಚಲು ಮನಸ್ಸು ಒಪ್ಪದವರು ಅದನ್ನು ಮುಚ್ಚಿಡದೆ ಸಿಬ್ಬಂದಿಗೆ ಹೇಳಬೇಕು. ಪೇಸ್‌ಮೇಕರ್, ಮೂಳೆಗೆ ಹಾಕಿಸಿದ ರಾಡು, ಕಣ್ಣಿಗೆ ಸಿಡಿದ ಲೋಹದ ಚೂರು, ಕಿಡ್ನಿ ತೊಂದರೆ, ಬಸಿರು, ಈ ಯಾವುದನ್ನೂ ಮರೆಮಾಡಬಾರದು. ಹಳೆಯ ಸ್ಕ್ಯಾನಿನ ಫಿಲ್ಮು, ಸಿ.ಡಿ. ಜೊತೆಗೆ ಒಯ್ಯಬೇಕು. ನರ ಬದಲಾಗಿದೆಯೇ ಎಂದು ತಿಳಿಯಲು ಹಿಂದಿನ ಚಿತ್ರಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕೊನೆಯದಾಗಿ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮನೆಯಲ್ಲಿ ಯಾರದಾದರೂ ಮುಖ ಏಕಾಏಕಿ ವಾರೆಯಾದರೆ ಅದೇ ಗಳಿಗೆ ಆಸ್ಪತ್ರೆಗೆ ಕರೆದೊಯ್ಯಿರಿ. ಅದು ಸ್ಟ್ರೋಕೋ ಬೆಲ್ಸ್ ಪಾಲ್ಸಿಯೋ ಎಂದು ಮನೆಯಲ್ಲಿ ಕೂತು ನಿರ್ಧರಿಸಬೇಡಿ. ಮುಚ್ಚದ ಕಣ್ಣನ್ನು ಮೊದಲ ದಿನದಿಂದಲೇ ಕಾಪಾಡಿ. ಮಿಂಚಿನಂತೆ ಬಂದು ಹೋಗುವ ದವಡೆನೋವಿಗೆ ಹಲ್ಲು ಕೀಳಿಸುವ ಮುನ್ನ ನರತಜ್ಞರನ್ನು ಕಾಣಿ. ಮರಗಟ್ಟಿದ ಕೆನ್ನೆಯನ್ನು ವಾರಗಟ್ಟಲೆ ಸಹಿಸಬೇಡಿ. ಸ್ಕ್ಯಾನ್ ಬರೆದುಕೊಟ್ಟಾಗ ‘ಡಾಕ್ಟ್ರೇ, ಇದರಲ್ಲಿ ಏನನ್ನು ಹುಡುಕುತ್ತೀರಿ?’ ಎಂದು ಸಂಕೋಚವಿಲ್ಲದೆ ಕೇಳಿ. ಆ ಉತ್ತರವನ್ನು ಸ್ಕ್ಯಾನಿನ ಚೀಟಿಯಲ್ಲೂ ಬರೆಯಿಸಿಕೊಳ್ಳಿ.